ಬೊಲಿವಿಯಾ: ನಕ್ಷೆ ನೋಡಿ ಅಲ್ಲ, ಎತ್ತರ ನೋಡಿ ಹೊರಡಿ

ಶಿವಮೊಗ್ಗದ ಓದುಗರೊಬ್ಬರ ಪತ್ರದ ಸಾರ: ‘ಫೆಬ್ರವರಿಯಲ್ಲಿ ಅಪ್ಪ, ಅಮ್ಮನನ್ನು ಕರೆದುಕೊಂಡು ಹತ್ತು ದಿನ ಬೊಲಿವಿಯಾಕ್ಕೆ ಹೋಗಬೇಕೆಂದಿದ್ದೇನೆ. ವಿಮಾನದಲ್ಲಿ ನೇರ ಲಾ ಪಾಜ್‌ಗೆ ಇಳಿದು, ಅದೇ ರಾತ್ರಿಯ ಬಸ್ಸಿಗೆ ಉಯುನಿ. ಮೂರು ದಿನದ ಜೀಪ್ ಪ್ರವಾಸ, ಆಮೇಲೆ ತಿತಿಕಾಕಾ ಸರೋವರ. ಉಪ್ಪಿನ ಬಯಲು ಕನ್ನಡಿಯಾಗುವುದನ್ನೂ ಅದರ ನಡುವಿನ ಕಳ್ಳಿ ದ್ವೀಪವನ್ನೂ ನೋಡುವಾಸೆ. ಅಪ್ಪನಿಗೆ 66, ಬಿ.ಪಿ. ಇದೆ. ಮೂವರೂ ಸಸ್ಯಾಹಾರಿಗಳು. ಯೋಜನೆ ಸರಿಯಿದೆಯೇ?’

ಸಂಪಾದಕರ ಉತ್ತರ:

ನೀವು ಆರಿಸಿಕೊಂಡ ಜಾಗಗಳೆಲ್ಲ ಚೆನ್ನಾಗಿವೆ, ಸರದಿ ಮಾತ್ರ ಸರಿಯಿಲ್ಲ. ಲಾ ಪಾಜ್‌ನ ವಿಮಾನ ನಿಲ್ದಾಣ ಇರುವುದು ಊರಿನ ಮೇಲಿನ ಎಲ್ ಆಲ್ತೊದಲ್ಲಿ, ಸಮುದ್ರಮಟ್ಟದಿಂದ 4,060 ಮೀಟರ್ ಎತ್ತರದಲ್ಲಿ. ನಮ್ಮ ರಾಜ್ಯದಲ್ಲೇ ಅತಿ ಎತ್ತರವಾದ ಮುಳ್ಳಯ್ಯನಗಿರಿಯ ಎರಡರಷ್ಟಕ್ಕಿಂತಲೂ ಹೆಚ್ಚು. ಉಯುನಿಯ ಉಪ್ಪಿನ ಬಯಲು 3,656 ಮೀಟರ್. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲಿಗಿಂತ ತುಸು ಕಡಿಮೆ. ಜೀಪ್ ಪ್ರವಾಸದ ಎರಡನೇ ರಾತ್ರಿ ಸಾಮಾನ್ಯವಾಗಿ 4,200 ಮೀಟರ್ ದಾಟಿರುತ್ತದೆ. ಶಿವಮೊಗ್ಗದಿಂದ ಹೊರಟ ದೇಹವನ್ನು ಮೂರ್ನಾಲ್ಕು ದಿನದಲ್ಲಿ ಅಲ್ಲಿ ಮಲಗಿಸಿದರೆ ತಲೆನೋವು, ವಾಂತಿ, ನಿದ್ದೆಗೇಡು ಹೆಚ್ಚಿನವರಿಗೆ ತಪ್ಪುವುದಿಲ್ಲ. ವಯಸ್ಸು, ಗಟ್ಟಿಮುಟ್ಟುತನ ಇದಕ್ಕೆ ಲೆಕ್ಕಕ್ಕಿಲ್ಲ. ದಿನಾ ಓಡುವ ಹುಡುಗರೂ ಮಲಗಿಬಿಡುತ್ತಾರೆ.

ಆದ್ದರಿಂದ ಬೊಲಿವಿಯಾವನ್ನು ಪೂರ್ವದಿಂದ ಹತ್ತಿ. ಸಾಂತಾ ಕ್ರೂಸ್‌ಗೆ ಇಳಿಯಿರಿ. ಅದು ಬರೀ 416 ಮೀಟರ್. ಒಂದು ರಾತ್ರಿ ಅಲ್ಲಿ ಕಳೆದು ಮರುದಿನ ವಿಮಾನದಲ್ಲಿ ಸುಕ್ರೆಗೆ ಹೋಗಿ ಮೂರು ರಾತ್ರಿ ಉಳಿಯಿರಿ. ಸುಮಾರು 2,800 ಮೀಟರ್ ಎತ್ತರದ ಈ ಊರು ದೇಶದ ಸಂವಿಧಾನಬದ್ಧ ರಾಜಧಾನಿ. ಬಿಳಿ ಗೋಡೆಗಳ ಹಳೆಯ ಬೀದಿಗಳಲ್ಲಿ ನಿಧಾನವಾಗಿ ನಡೆಯುವುದೇ ಎತ್ತರಕ್ಕೆ ಒಗ್ಗಿಕೊಳ್ಳಲು ಒಳ್ಳೆಯ ವ್ಯಾಯಾಮ. ಊರಿನ ಅಂಚಿನ ಸಿಮೆಂಟ್ ಕ್ವಾರಿಯಲ್ಲಿರುವ ಕಾಲ್ ಓರ್ಕೊ ಬಂಡೆಯನ್ನು ತಪ್ಪಿಸಬೇಡಿ. ಹೆಚ್ಚುಕಡಿಮೆ ನೆಟ್ಟಗೆ ನಿಂತ ಸುಣ್ಣಕಲ್ಲಿನ ಗೋಡೆಯ ಮೇಲೆ 5,000ಕ್ಕೂ ಹೆಚ್ಚು ಡೈನೊಸಾರ್ ಹೆಜ್ಜೆಗುರುತುಗಳಿವೆ. ಸುಮಾರು 6.8 ಕೋಟಿ ವರ್ಷಗಳ ಹಿಂದೆ ಅದು ಕೆರೆಯಂಚಿನ ಕೆಸರು ನೆಲವಾಗಿತ್ತು. ಆಂಡಿಸ್ ಪರ್ವತಗಳನ್ನು ಎಬ್ಬಿಸಿದ ಒತ್ತಡವೇ ಆ ನೆಲವನ್ನೂ ಎತ್ತಿ ನಿಲ್ಲಿಸಿತು.

ಐದನೇ ದಿನ ರಸ್ತೆಯಲ್ಲಿ ಪೊತೊಸಿ ಮಾರ್ಗವಾಗಿ ಉಯುನಿ. ಪೊತೊಸಿ 4,000 ಮೀಟರ್‌ಗೂ ಮೇಲಿದೆ. ಊಟ ಮಾಡಿ, ಬೆಳ್ಳಿ ಗಣಿಯ ಸೆರ್ರೊ ರಿಕೊ ಬೆಟ್ಟವನ್ನು ದೂರದಿಂದ ನೋಡಿ ಮುಂದೆ ಸಾಗಿ. ಅಲ್ಲಿ ರಾತ್ರಿ ಉಳಿಯಬೇಡಿ. ಹಗಲು ಎಷ್ಟು ಎತ್ತರ ಮುಟ್ಟಿದಿರಿ ಎಂಬುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎಂಬುದೇ ಮುಖ್ಯ. ಮೂರು ಸಾವಿರ ಮೀಟರ್ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಬಾರದು ಎಂಬುದು ವೈದ್ಯರು ಹೇಳುವ ಅಳತೆ. ಸುಕ್ರೆಯಿಂದ ಉಯುನಿಗೆ ಜಿಗಿತ ಅದಕ್ಕಿಂತ ದೊಡ್ಡದು. ಅದನ್ನು ಸರಿದೂಗಿಸಲೆಂದೇ ಸುಕ್ರೆಯಲ್ಲಿ ಮೂರು ರಾತ್ರಿ, ಉಯುನಿಯಲ್ಲಿ ಎರಡು.

ಈಗ ಕನ್ನಡಿಯ ಮಾತು. ಈ ಬಯಲಿನ ವಿಸ್ತಾರ 10,000 ಚದರ ಕಿ.ಮೀ.ಗೂ ಹೆಚ್ಚು. ಸುತ್ತ ಬೆಟ್ಟಗಳಿರುವ ಈ ಪ್ರಸ್ಥಭೂಮಿಯ ನೀರಿಗೆ ಸಮುದ್ರ ಸೇರುವ ದಾರಿಯಿಲ್ಲ. ಹಿಂದೆ ಇಲ್ಲಿದ್ದ ಸರೋವರಗಳು ಬತ್ತಿ ಉಪ್ಪು ಉಳಿಯಿತು. ಪ್ರತಿ ಮಳೆಗಾಲವೂ ಮೇಲ್ಪದರದ ಉಪ್ಪು ಕರಗಿ, ಒಣಗಿ, ಮತ್ತೆ ಮಟ್ಟಸವಾಗುತ್ತದೆ. ಇಡೀ ಬಯಲಿನಲ್ಲಿ ಏರುತಗ್ಗು ಹೆಚ್ಚುಕಡಿಮೆ ಒಂದು ಮೀಟರ್ ಅಷ್ಟೇ. ಉಪಗ್ರಹಗಳ ಎತ್ತರಮಾಪಕಗಳನ್ನು ಸರಿಹೊಂದಿಸಲೂ ಇದನ್ನು ಬಳಸುತ್ತಾರೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಇದರ ಮೇಲೆ ಕೆಲವೇ ಸೆಂಟಿಮೀಟರ್ ನೀರು ನಿಂತಾಗ ಕನ್ನಡಿ. ಮೇ ತಿಂಗಳ ನಂತರ ಒಣಗಿದಾಗ ಕಣ್ಣು ಹಾಯುವಷ್ಟು ದೂರ ಷಟ್ಕೋನಗಳ ಉಪ್ಪಿನ ನೆಲ.

ನೀವು ಕೇಳಿದ ಎರಡೂ ಒಟ್ಟಿಗೆ ಸಿಗುವುದು ಕಷ್ಟ. ಕಳ್ಳಿಗಳ ಇಂಕಾವಾಸಿ ದ್ವೀಪ ಬಯಲಿನ ಒಳಭಾಗದಲ್ಲಿದೆ. ನೀರು ನಿಂತಾಗ ಜೀಪುಗಳು ಅಷ್ಟು ದೂರ ಹೋಗುವುದಿಲ್ಲ, ಏಕೆಂದರೆ ಉಪ್ಪುನೀರು ಎಂಜಿನ್ನಿನ ವೈರಿಂಗ್ ತಿಂದುಹಾಕುತ್ತದೆ. ಫೆಬ್ರವರಿಯೇ ಖಚಿತವಾದರೆ ದ್ವೀಪ ಮರೆತು ಕನ್ನಡಿ ನೋಡಿ. ಅದಕ್ಕೂ ಗಾಳಿ ಇರಬಾರದು. ಮುಂಜಾವು ಅಥವಾ ಸೂರ್ಯಾಸ್ತದ ಹೊತ್ತಿನ ಪ್ರವಾಸ ಕೇಳಿ, ರಬ್ಬರ್ ಬೂಟು ಕೊಡುತ್ತಾರೆಯೇ ವಿಚಾರಿಸಿ. ಏಪ್ರಿಲ್ ಕೊನೆಗೆ ಹೋಗಲಾದರೆ ಅಲ್ಲಲ್ಲಿ ನೀರು ಉಳಿದಿರುವ, ದ್ವೀಪದ ದಾರಿಯೂ ತೆರೆದಿರುವ ಸಾಧ್ಯತೆ ಹೆಚ್ಚು. ನಾವಾದರೆ ಏಪ್ರಿಲ್ಲನ್ನೇ ಆರಿಸುತ್ತೇವೆ. ಜೂನ್, ಜುಲೈನಲ್ಲಿ ಆಕಾಶ ಶುಭ್ರ, ಆದರೆ ರಾತ್ರಿ ಚಳಿ ಸೊನ್ನೆಗಿಂತ ಬಹಳ ಕೆಳಗೆ. ಅಪ್ಪ, ಅಮ್ಮನಿಗೆ ಅದು ಬೇಡ. ಯಾವ ಕಾಲವಾದರೂ ಬಿಳಿ ಉಪ್ಪಿನಿಂದ ಬಿಸಿಲು ಕೆಳಗಿನಿಂದಲೂ ಹೊಡೆಯುತ್ತದೆ. ಗದ್ದದ ಅಡಿ, ಮೂಗಿನ ಹೊಳ್ಳೆಯ ಸುತ್ತ ಸನ್‌ಸ್ಕ್ರೀನ್ ಹಚ್ಚದವರಿಗೆ ಅಲ್ಲೇ ಸುಡುತ್ತದೆ.

ದಕ್ಷಿಣದ ಬಣ್ಣದ ಸರೋವರಗಳನ್ನು ಕೊನೆಗಿಡಿ. ನಮ್ಮ ಮಟ್ಟಿಗೆ ಉಪ್ಪಿನ ಬಯಲಿಗಿಂತ ಅವೇ ದೊಡ್ಡ ನೋಟ. ಲಗುನಾ ಕೊಲೊರಾದಾ 4,278 ಮೀಟರ್ ಎತ್ತರದಲ್ಲಿದೆ. ನೀರಿನ ಕೆಂಪು ಪಾಚಿಯ ವರ್ಣದ್ರವ್ಯದಿಂದ ಬಂದದ್ದು, ನಡುವಿನ ಬಿಳಿ ದಿಬ್ಬಗಳು ಬೊರಾಕ್ಸ್ ಎಂಬ ಲವಣ. ಮೂರು ಜಾತಿಯ ರಾಜಹಂಸಗಳು (ಫ್ಲೆಮಿಂಗೊ) ಇಲ್ಲಿ ಸಿಗುತ್ತವೆ. ಅವುಗಳಲ್ಲಿ ಜೇಮ್ಸ್ ಫ್ಲೆಮಿಂಗೊ ಅಳಿದೇಹೋಯಿತೆಂದು ಭಾವಿಸಿದ್ದರು, 1950ರ ದಶಕದಲ್ಲಿ ಮತ್ತೆ ಪತ್ತೆಯಾಯಿತು. ಸೋಲ್ ದೆ ಮನ್ಯಾನಾದ ಬಿಸಿ ಹಬೆಯ ಬುಗ್ಗೆಗಳು ಸುಮಾರು 4,850 ಮೀಟರ್ ಎತ್ತರದಲ್ಲಿವೆ. ಬೆಳಗಿನ ಚಳಿಯಲ್ಲಿ ಹಬೆ ಹೆಚ್ಚು ಕಾಣುವುದರಿಂದ ನಸುಕಿನಲ್ಲೇ ಕರೆದೊಯ್ಯುತ್ತಾರೆ. ಕುದಿಯುವ ಕೆಸರಿನ ಅಂಚಿನ ನೆಲ ತೆಳು ಪದರ ಮಾತ್ರ. ಚಾಲಕ ನಡೆದ ಜಾಡು ಬಿಟ್ಟು ಒಂದು ಹೆಜ್ಜೆಯೂ ಆಚೆ ಇಡಬೇಡಿ.

ಅಪ್ಪನ ವಿಷಯದಲ್ಲಿ, ಹೊರಡುವ ಮೊದಲು ವೈದ್ಯರಿಗೆ ಈ ಎತ್ತರಗಳನ್ನು ಬರೆದು ತೋರಿಸಿ. ಎತ್ತರದಲ್ಲಿ ರಕ್ತದೊತ್ತಡ ಏರಬಹುದು, ಮಾತ್ರೆಯ ಪ್ರಮಾಣ ಬದಲಿಸಬೇಕಾಗಬಹುದು. ಎತ್ತರದ ತೊಂದರೆ ತಡೆಯಲು ಕೊಡುವ ಮಾತ್ರೆ ಅಸೆಟಜೋಲಮೈಡ್ 125 ಮಿ.ಗ್ರಾಂ ದಿನಕ್ಕೆರಡು ಬಾರಿ, ಹತ್ತುವ ಹಿಂದಿನ ದಿನದಿಂದ ಎಂಬುದು ರೂಢಿಯ ಪ್ರಮಾಣ. ಆದರೆ ಅದು ಮೂತ್ರ ಹೆಚ್ಚಿಸುವ ಔಷಧ, ಸಲ್ಫಾ ಅಲರ್ಜಿ ಇರುವವರಿಗೆ ತೊಂದರೆಯಾಗಬಹುದು. ಕೇಳದೆ ಕೊಡಬೇಡಿ. ಕೂತಲ್ಲೇ ಏದುಸಿರು, ನೇರ ಗೆರೆಯಲ್ಲಿ ನಡೆಯಲಾಗದ ತೂರಾಟ, ಮಾತು ಗೊಂದಲ, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಕೆಳಗಿಳಿಸಬೇಕು. ಕೋಕಾ ಎಲೆಯ ಚಹಾ ಅಲ್ಲಿ ಎಲ್ಲೆಡೆ ಕೊಡುತ್ತಾರೆ, ಕುಡಿಯಿರಿ. ಅದನ್ನೇ ಮದ್ದೆಂದು ನಂಬಬೇಡಿ. ಒಂದು ಟೀ ಬ್ಯಾಗನ್ನೂ ಊರಿಗೆ ತರಬೇಡಿ, ಭಾರತದಲ್ಲಿ ಅದು ಕಾನೂನುಬಾಹಿರ.

ಜೀಪ್ ಗೊತ್ತುಮಾಡುವಾಗ ಬೆಲೆಗಿಂತ ಮೊದಲು ಕೇಳಬೇಕಾದ್ದು: ಆಮ್ಲಜನಕದ ಸಿಲಿಂಡರ್ ಇದೆಯೇ, ಎಲ್ಲ ಸೀಟಿಗೂ ಬೆಲ್ಟ್ ಇದೆಯೇ, ಎಷ್ಟು ಸ್ಟೆಪ್ನಿ. ಹೊರಡುವ ಬೆಳಿಗ್ಗೆ ಚಾಲಕನ ಬಾಯಿಂದ ಮದ್ಯದ ವಾಸನೆ ಬಂದರೆ ಹತ್ತಲೇಬೇಡಿ. ಅಲ್ಲಿ ಅದರಿಂದ ಅಪಘಾತಗಳಾಗಿವೆ. ಸರೋವರಗಳ ಕಡೆ ಎ.ಟಿ.ಎಂ. ಇಲ್ಲ. ಪ್ರವೇಶ ಶುಲ್ಕ, ಶೌಚಾಲಯ, ಬಿಸಿನೀರು ಎಲ್ಲಕ್ಕೂ ಬೊಲಿವಿಯಾನೊ ನೋಟುಗಳೇ ಬೇಕು.

ಊಟದಲ್ಲಿ ಎಡವುವುದು ಒಂದೇ ಕಡೆ. ‘ಸಿನ್ ಕಾರ್ನೆ’ ಎಂದರೆ ಅಡುಗೆಯವರು ದನದ ಮಾಂಸ ಬಿಟ್ಟು ಕೋಳಿ ಬಡಿಸುವುದುಂಟು. ‘ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ’ ಎಂದು ಮಾಂಸ, ಕೋಳಿ, ಮೀನು ಮೂರನ್ನೂ ಬೇಡವೆನ್ನಿ. ಕೀನ್ವಾ ಎಂಬ ಅಲ್ಲಿನ ಧಾನ್ಯದ ಸೂಪ್‌ಗೆ ಮೂಳೆಯ ಸಾರು ಹಾಕಿದ್ದಾರೆಯೇ ಕೇಳಿ. ಉಯುನಿಯ ಎತ್ತರದಲ್ಲಿ ನೀರು 88 ಡಿಗ್ರಿಗೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ. ಜೊತೆಗೆ ಒಯ್ಯುವುದಾದರೆ ಬಿಸಿನೀರಲ್ಲಿ ನೆನೆದರೆ ಸಾಕಾಗುವ ಗೊಜ್ಜವಲಕ್ಕಿಯ ಮೊಹರು ಮಾಡಿದ ಪೊಟ್ಟಣಗಳು ಒಳ್ಳೆಯವು. ಹಸಿ ಹಣ್ಣು, ಬೀಜ ಬೇಡ.

ಉಯುನಿಯಿಂದ ಲಾ ಪಾಜ್‌ಗೆ ವಿಮಾನದಲ್ಲಿ ಬನ್ನಿ. ಊರಿನ ದಕ್ಷಿಣದ ಬಡಾವಣೆಗಳು ಕೆಲವು ನೂರು ಮೀಟರ್ ಕೆಳಗಿವೆ, ಅಲ್ಲಿ ಕೋಣೆ ಹಿಡಿಯಿರಿ. ಕೇಬಲ್ ಕಾರಿನಲ್ಲಿ ಒಂದು ಸುತ್ತು ಹಾಕಿದರೆ ಊರು ಪೂರ್ತಿ ಕಾಣುತ್ತದೆ. ತಿತಿಕಾಕಾ ಈ ಹತ್ತು ದಿನದಲ್ಲಿ ಹಿಡಿಯದು, ಅದಕ್ಕೆ ಇನ್ನೂ ಮೂರು ದಿನ ಬೇಕು. ಸಿಕ್ಕದಿದ್ದರೆ ಬಿಡಿ. ಆದರೆ ಊರಿಗೆ ಮರಳುವ ವಿಮಾನಕ್ಕೆ ಮುಂಚಿನ ಒಂದು ದಿನವನ್ನು ಖಾಲಿ ಇಡಿ. ಪ್ರತಿಭಟನೆಗೆ ರಸ್ತೆ ಅಡ್ಡಗಟ್ಟುವುದು ಬೊಲಿವಿಯಾದಲ್ಲಿ ಮಾಮೂಲು.

ಕೊನೆಗೆ, ಹಳದಿ ಜ್ವರದ ಲಸಿಕೆ. ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮೊದಲು ಮಾನ್ಯತೆ ಪಡೆದ ಕೇಂದ್ರದಲ್ಲಿ ಹಾಕಿಸಿ, ಪ್ರಮಾಣಪತ್ರವನ್ನು ಪಾಸ್‌ಪೋರ್ಟ್ ಜೊತೆಗಿಡಿ. ಅದಿಲ್ಲದೆ ಬೊಲಿವಿಯಾದಿಂದ ಮರಳಿದವರನ್ನು ನಮ್ಮ ವಿಮಾನ ನಿಲ್ದಾಣದಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. 60 ದಾಟಿದವರಿಗೆ ಈ ಲಸಿಕೆಯ ಅಡ್ಡಪರಿಣಾಮದ ಅಪಾಯ ಹೆಚ್ಚು. ಅಪ್ಪನಿಗೆ ಹಾಕಿಸಬಹುದೇ ಎಂಬುದನ್ನು ಟಿಕೆಟ್ ಕಾಯ್ದಿರಿಸುವ ಮೊದಲೇ ವೈದ್ಯರಿಂದ ತಿಳಿದುಕೊಳ್ಳಿ.