ಗ್ರೀಕ್ ಶಿಲ್ಪಿ ಯಾರಿಂದ ಕಲಿತ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಾಚೀನ ಗ್ರೀಕ್ ಕಲೆ ಮತ್ತು ಅದರ ನೆರೆಹೊರೆಯ ಸಂಸ್ಕೃತಿಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಐದನ್ನು ಈ ಬಾರಿ ಆಯ್ದುಕೊಂಡಿದ್ದೇನೆ. ಕೇಳಿದವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು ಮತ್ತು ಶಿಕ್ಷಕರು.

ಪ್ರಶ್ನೆ: ನಾನು ಚಿತ್ರಕಲಾ ವಿದ್ಯಾರ್ಥಿನಿ. ಗ್ರೀಸ್‌ನ ‘ಕೂರೋಸ್’ ಎಂಬ ನಿಂತ ಯುವಕನ ಮೂರ್ತಿ ಈಜಿಪ್ಟಿನ ಮೂರ್ತಿಗಳ ಪಡಿಯಚ್ಚಿನಂತಿದೆ. ಇದು ನಕಲೇ? ನಕಲಾದರೆ ಅದಕ್ಕೆ ಇಷ್ಟು ಮಹತ್ವ ಏಕೆ? (ದಾವಣಗೆರೆ)

ಭಂಗಿ ಈಜಿಪ್ಟಿನದೇ, ಅನುಮಾನ ಬೇಡ. ಕ್ರಿ.ಪೂ. ಏಳನೆಯ ಶತಮಾನದಲ್ಲಿ ಫೇರೋ ಮೊದಲನೆಯ ಸಾಮೆಟಿಕಸ್ ತನ್ನ ಸೈನ್ಯಕ್ಕೆ ಅಯೋನಿಯದ (ಇಂದಿನ ಟರ್ಕಿಯ ಪಶ್ಚಿಮ ಕರಾವಳಿ) ಗ್ರೀಕರನ್ನು ಕೂಲಿ ಸೈನಿಕರಾಗಿ ಸೇರಿಸಿಕೊಂಡ. ಬಳಿಕ ನೈಲ್ ನದಿಯ ಮುಖಜಭೂಮಿಯಲ್ಲಿ ನೌಕ್ರಾಟಿಸ್ ಎಂಬ ಗ್ರೀಕ್ ವ್ಯಾಪಾರಿ ಪಟ್ಟಣವೂ ಬೆಳೆಯಿತು. ದಕ್ಷಿಣದ ಅಬು ಸಿಂಬೆಲ್‌ನಲ್ಲಿ ಬೃಹತ್ ಮೂರ್ತಿಯೊಂದರ ಕಾಲಿನ ಮೇಲೆ ಗ್ರೀಕ್ ಸೈನಿಕರು ಕೊರೆದ ಬರಹ ಇಂದಿಗೂ ಇದೆ. ಆಳೆತ್ತರವನ್ನೂ ಮೀರಿದ ಕಲ್ಲಿನ ಮೂರ್ತಿಗಳನ್ನು ಗ್ರೀಕರು ಕಣ್ಣಾರೆ ಕಂಡದ್ದು ಅಲ್ಲಿ. ಅದೇ ಶತಮಾನದಲ್ಲಿ ನಾಕ್ಸೋಸ್ ಮತ್ತು ಪಾರೋಸ್ ದ್ವೀಪಗಳ ಗಣಿಗಳಿಂದ ದೊಡ್ಡ ಅಮೃತಶಿಲೆಯ ಮೂರ್ತಿಗಳು ಹೊರಬರತೊಡಗಿದವು. ನಾಕ್ಸೋಸ್‌ನ ಅಪೊಲೊನಾಸ್ ಗಣಿಯಲ್ಲಿ ಸುಮಾರು 10 ಮೀಟರ್ ಉದ್ದದ ಅರೆಗೆತ್ತಿದ ಮೂರ್ತಿಯೊಂದು ಇಂದಿಗೂ ಅಂಗಾತ ಬಿದ್ದಿದೆ.

ಕೆತ್ತುವ ವಿಧಾನವೂ ಅಲ್ಲಿಂದಲೇ ಬಂತು. ಕಲ್ಲಿನ ದಿಮ್ಮಿಯ ಮುಖಗಳ ಮೇಲೆ ಚೌಕಗಳ ಜಾಲ ಎಳೆದು, ಮುಂಭಾಗ ಮತ್ತು ಪಕ್ಕದ ನೋಟಗಳನ್ನು ಬರೆದು, ನಾಲ್ಕೂ ಕಡೆಯಿಂದ ಒಳಮುಖವಾಗಿ ಕಡಿಯುತ್ತಾ ಹೋಗುವುದು ಈಜಿಪ್ಟಿನ ಕ್ರಮ. ಸಾಮೋಸ್ ದ್ವೀಪದ ಅಣ್ಣತಮ್ಮಂದಿರಿಬ್ಬರು ಒಂದೇ ಮೂರ್ತಿಯ ಅರ್ಧರ್ಧವನ್ನು ಬೇರೆ ಬೇರೆ ಊರುಗಳಲ್ಲಿ ಕೆತ್ತಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಜೋಡಿಸಿದರು ಎಂಬ ಕಥೆಯನ್ನು ಪ್ರಾಚೀನ ಗ್ರೀಕ್ ಇತಿಹಾಸಕಾರ ಡಿಯೊಡೋರಸ್ ಹೇಳುತ್ತಾನೆ. ಈಜಿಪ್ಟಿನ ಅಳತೆಯಿಂದ ಅದು ಸಾಧ್ಯವಾಯಿತು ಎಂಬುದು ಅವನ ವಿವರಣೆ. ಕಥೆ ನಿಜವೋ ಅಲ್ಲವೋ, ಸಾಲ ಎಲ್ಲಿಂದ ತಂದದ್ದು ಎಂಬುದು ಪ್ರಾಚೀನರಿಗೂ ತಿಳಿದಿತ್ತು.

ಈಗ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ ಕೂರೋಸ್ ಅನ್ನು ನಿಧಾನವಾಗಿ ನೋಡಿ. ಕಾಲ ಸುಮಾರು ಕ್ರಿ.ಪೂ. 590, ಎತ್ತರ ಎರಡು ಮೀಟರಿಗೆ ತುಸು ಕಡಿಮೆ. ಎಡಗಾಲು ಮುಂದೆ, ಬಿಗಿದ ಮುಷ್ಟಿಗಳು ತೊಡೆಯ ಪಕ್ಕದಲ್ಲಿ, ನೋಟ ನೇರ. ಇಷ್ಟೂ ಈಜಿಪ್ಟ್. ಅಳತೆ ತೆಗೆದ ವಿದ್ವಾಂಸರು ಇದರ ಪ್ರಮಾಣ ಆಗಿನ ಈಜಿಪ್ಟಿನ ಪ್ರಮಾಣಕ್ಕೆ ಬಹಳ ಹತ್ತಿರವಿದೆ ಎಂದು ತೋರಿಸಿದ್ದಾರೆ. ಆದರೆ ಬೆನ್ನ ಹಿಂದಿನ ಕಲ್ಲಿನ ಆಸರೆ ಎಲ್ಲಿ? ಇಲ್ಲ. ತೋಳು ಮತ್ತು ಸೊಂಟದ ನಡುವೆ ಈಜಿಪ್ಟಿನ ಶಿಲ್ಪಿ ಬಿಡುತ್ತಿದ್ದ ಕಲ್ಲು? ಅದನ್ನೂ ಕಡಿದು ಬಯಲು ಮಾಡಿದ್ದಾನೆ. ಎರಡು ಕಾಲುಗಳ ನಡುವೆಯೂ ಬಯಲೇ. ಸೊಂಟದ ಬಟ್ಟೆಯೂ ಇಲ್ಲ. ಇಡೀ ಮೂರ್ತಿಯ ಭಾರವನ್ನು ಎರಡು ಕಣಕಾಲುಗಳ ಮೇಲೆ ಹೊರಿಸುವ ಈ ಧೈರ್ಯ ಸಣ್ಣದಲ್ಲ. ಅಮೃತಶಿಲೆ ಅಲ್ಲೇ ಮುರಿಯುವುದು.

ಒಮ್ಮೆ ಆಸರೆ ಬಿಟ್ಟ ಮೇಲೆ ಮುಂದಿನ ಪ್ರಶ್ನೆಗಳು ತಾವಾಗಿಯೇ ಎದ್ದವು. ದೇಹ ನಿಜವಾಗಿ ಹೇಗೆ ನಿಲ್ಲುತ್ತದೆ? ಭಾರ ಎತ್ತ ಬೀಳುತ್ತದೆ? ನ್ಯೂಯಾರ್ಕ್ ಮೂರ್ತಿಯ ಮಂಡಿಚಿಪ್ಪು, ಕಿವಿ, ಹೊಟ್ಟೆಯ ಗೆರೆಗಳು ಮೇಲ್ಮೈಯಲ್ಲಿ ಬರೆದ ವಿನ್ಯಾಸದಂತಿವೆ. ಕ್ರಿ.ಪೂ. 530ರ ಸುಮಾರಿನ ಅನಾವಿಸೋಸ್ ಕೂರೋಸ್‌ನಲ್ಲಿ ತೊಡೆ ಮತ್ತು ಕೆನ್ನೆಗಳು ಒಳಗಿನಿಂದ ಉಬ್ಬಿಬಂದಂತೆ ಮೈದುಂಬಿವೆ. ಕ್ರಿ.ಪೂ. 480ರ ಸುಮಾರಿನ ‘ಕ್ರಿಟಿಯೋಸ್ ಬಾಲಕ’ನಲ್ಲಿ ಮೈಭಾರ ಎಡಗಾಲಿನ ಮೇಲೆ ಬಿದ್ದಿದೆ, ಬಲಮಂಡಿ ಸಡಿಲಗೊಂಡಿದೆ, ಸೊಂಟ ಓರೆಯಾಗಿದೆ, ತಲೆ ತುಸು ಹೊರಳಿದೆ. ಒಂದು ಶತಮಾನ ಸಾಕಾಯಿತು. ಮಹತ್ವ ಇರುವುದು ಈ ನಡಿಗೆಗೆ.

ಹಾಗೆಂದು ಈಜಿಪ್ಟಿನವರಿಗೆ ಇದು ಬರುತ್ತಿರಲಿಲ್ಲ ಎಂದು ಬರೆಯಬೇಡಿ. ಪಠ್ಯಗಳ ಆ ಧಾಟಿ ನನಗೆ ಬೇಸರ ತರಿಸುತ್ತದೆ. ಸತ್ತವನ ಚೈತನ್ಯ ನೆಲೆಸಲು ಎಂದೂ ಬದಲಾಗದ ಒಂದು ಶರೀರ ಅವರಿಗೆ ಬೇಕಿತ್ತು. ಎರಡು ಸಾವಿರ ವರ್ಷ ಒಂದೇ ಭಂಗಿಯನ್ನು ಕಾಪಾಡಿಕೊಂಡದ್ದು ಅವರ ಆಯ್ಕೆ. ಗ್ರೀಕರ ಕೂರೋಸ್ ಗೋರಿಯ ಮೇಲೆ ಅಥವಾ ದೇವಾಲಯದ ಅಂಗಳದಲ್ಲಿ ದಾರಿಹೋಕರ ಎದುರಿಗೆ ನಿಲ್ಲಬೇಕಿತ್ತು. ಅನಾವಿಸೋಸ್ ಮೂರ್ತಿಯದೆಂದು ನಂಬಲಾದ ಪೀಠದ ಬರಹ, ‘ನಿಲ್ಲು, ಮರುಗು’ ಎಂದು ನೋಡುವವನನ್ನೇ ಕರೆಯುತ್ತದೆ. ಅಂದಹಾಗೆ, ಆ ಬರಹದಲ್ಲಿ ಮಡಿದವನ ಹೆಸರು ಕ್ರೊಯಿಸೋಸ್. ಅದು ನೆರೆಯ ಲಿಡಿಯ ದೇಶದ ಸಿರಿವಂತ ರಾಜನ ಹೆಸರು. ಅಥೆನ್ಸಿನ ಮನೆತನವೊಂದು ಮಗನಿಗೆ ಇಟ್ಟುಕೊಂಡಿತ್ತು.

ಪ್ರಶ್ನೆ: ಮೊದಲು ಬರೀ ಗೆರೆ, ಚೌಕ, ತ್ರಿಕೋನಗಳಿದ್ದ ಗ್ರೀಕ್ ಮಡಕೆಗಳ ಮೇಲೆ ಇದ್ದಕ್ಕಿದ್ದಂತೆ ಸಿಂಹ, ಸ್ಫಿಂಕ್ಸ್, ತಾವರೆ ಕಾಣಿಸಿಕೊಳ್ಳುವುದು ಹೇಗೆ? (ಶಿವಮೊಗ್ಗ)

ಸಮುದ್ರದ ಮೂಲಕ. ಕ್ರಿ.ಪೂ. ಎಂಟನೆಯ ಶತಮಾನದಲ್ಲಿ ಫಿನಿಷಿಯ (ಇಂದಿನ ಲೆಬನಾನ್ ಕರಾವಳಿ) ಮತ್ತು ಉತ್ತರ ಸಿರಿಯದ ದಂತದ ಕೆತ್ತನೆ, ಕಂಚಿನ ಬೋಗುಣಿ, ನೇಯ್ದ ಬಟ್ಟೆಗಳು ಗ್ರೀಸ್‌ನ ರೇವುಗಳಿಗೆ ಬಂದವು. ಫಿನಿಷಿಯದ ಅಕ್ಷರಮಾಲೆಯೂ ಸುಮಾರು ಅದೇ ಕಾಲದಲ್ಲಿ ಬಂತು. ಒಲಿಂಪಿಯದಲ್ಲಿ ದೇವರಿಗೆ ಒಪ್ಪಿಸಿದ ಕಂಚಿನ ಕೊಪ್ಪರಿಗೆಗಳ ಅಂಚಿನಲ್ಲಿ ಹದ್ದಿನ ಕೊಕ್ಕಿನ ಗ್ರಿಫಿನ್ ತಲೆಗಳು ಬಾಯಿತೆರೆದು ನಿಂತಿವೆ. ಆ ಕಾಲ್ಪನಿಕ ಪ್ರಾಣಿಯೂ ಪೂರ್ವದ್ದೇ.

ಒಂದು ಸೂಕ್ಷ್ಮ ಹೇಳುತ್ತೇನೆ. ಕೊರಿಂಥ್ ನಗರದ ಕುಂಬಾರರು ಸುಗಂಧತೈಲಕ್ಕಾಗಿ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಕುಡಿಕೆಗಳನ್ನು ಮಾಡುತ್ತಿದ್ದರು. ಅವುಗಳ ಮೇಲಿನ ಮೊದಮೊದಲ ಸಿಂಹಗಳ ಮೂತಿ ಚೌಕಾಕಾರದ್ದು. ಅದು ಉತ್ತರ ಸಿರಿಯದ ಹಿಟ್ಟೈಟ್ ಪರಂಪರೆಯ ಸಿಂಹ. ಏಳನೆಯ ಶತಮಾನ ಮುಂದುವರಿದಂತೆ ಮೂತಿ ಚೂಪಾಗುತ್ತದೆ, ಕೇಸರ ದಟ್ಟವಾಗುತ್ತದೆ. ಅದು ಅಸ್ಸೀರಿಯದ ಸಿಂಹ. ಪೂರ್ವದಲ್ಲಿ ಅಧಿಕಾರ ಕೈಬದಲಾಯಿಸಿದ್ದು ಕೊರಿಂಥ್‌ನ ಕುಡಿಕೆಯ ಮೇಲೆ ದಾಖಲಾಗಿದೆ!

ಪ್ರಶ್ನೆ: ಗ್ರೀಕ್ ಮಡಕೆಗಳಲ್ಲಿ ಕಪ್ಪು, ಕೆಂಪು ಎರಡು ಬಣ್ಣ ಹೇಗೆ ಬರುತ್ತವೆ? ಅವು ಇಟಲಿಯಲ್ಲೇ ಏಕೆ ಹೆಚ್ಚು ಸಿಗುತ್ತವೆ? (ಪ್ರೌಢಶಾಲಾ ಶಿಕ್ಷಕರು, ಗದಗ)

ಅದು ಬಣ್ಣವಲ್ಲ, ಮಣ್ಣು. ಅಥೆನ್ಸ್ ಸುತ್ತಲಿನ ಜೇಡಿಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು. ಆ ಮಣ್ಣನ್ನೇ ನೀರಿನಲ್ಲಿ ಕದಡಿ, ತೀರಾ ನುಣುಪಾದ ಅಂಶವನ್ನು ಬೇರ್ಪಡಿಸಿ, ಅದರಿಂದಲೇ ಚಿತ್ರ ಬರೆಯುತ್ತಿದ್ದರು. ಚಮತ್ಕಾರ ನಡೆಯುವುದು ಆವಿಗೆಯಲ್ಲಿ, ಒಂದೇ ಸುಡುವಿಕೆಯ ಮೂರು ಹಂತಗಳಲ್ಲಿ. ಮೊದಲು ಗಾಳಿ ಬಿಟ್ಟು ಉರಿಸಿದಾಗ ಮಡಕೆಯೆಲ್ಲ ಕೆಂಪಾಗುತ್ತದೆ. ಆಮೇಲೆ ಗಾಳಿಕಂಡಿ ಮುಚ್ಚಿ, ಹಸಿ ಸೌದೆ ತುರುಕಿ ಹೊಗೆ ಕಟ್ಟಿಸುತ್ತಾರೆ. ಶಾಖ 900 ಡಿಗ್ರಿ ಸೆಲ್ಸಿಯಸ್‌ಗೂ ಮೇಲೇರಿದಾಗ ಎಲ್ಲವೂ ಕಪ್ಪಾಗಿ, ನುಣುಪು ಮಣ್ಣಿನ ಲೇಪ ಕರಗಿ ಗಾಜಿನಂತೆ ಮುಚ್ಚಿಕೊಳ್ಳುತ್ತದೆ. ಕೊನೆಗೆ ಮತ್ತೆ ಗಾಳಿ ಬಿಡುತ್ತಾರೆ. ರಂಧ್ರಗಳಿರುವ ಮಡಕೆಯ ಮೈ ಗಾಳಿಯನ್ನು ಹೀರಿ ಕೆಂಪಿಗೆ ಮರಳುತ್ತದೆ. ಮುಚ್ಚಿಕೊಂಡ ಲೇಪದೊಳಗೆ ಗಾಳಿ ಹೋಗದೆ ಅದು ಕಪ್ಪಾಗಿಯೇ ಉಳಿಯುತ್ತದೆ. ಬರೆಯುವಾಗ ಎರಡರ ಬಣ್ಣವೂ ಹೆಚ್ಚುಕಡಿಮೆ ಒಂದೇ. ಎಕ್ಸೇಕಿಯಾಸ್‌ನಂತಹ ಕಲಾವಿದ ತನ್ನ ಗೆರೆ ಹೇಗೆ ಕಾಣುತ್ತದೆ ಎಂಬುದನ್ನು ಮನಸ್ಸಿನಲ್ಲೇ ಕಾಣಬೇಕಿತ್ತು. ಮೊದಲು ಆಕೃತಿಗಳನ್ನು ಕಪ್ಪಾಗಿಸುತ್ತಿದ್ದವರು, ಕ್ರಿ.ಪೂ. 530ರಿಂದ 520ರ ನಡುವೆ ಹಿನ್ನೆಲೆಯನ್ನು ಕಪ್ಪಾಗಿಸಿ ಆಕೃತಿಯನ್ನು ಕೆಂಪಾಗಿ ಬಿಡತೊಡಗಿದರು. ಅಲ್ಲಿಯವರೆಗೆ ಮೊನೆಯಿಂದ ಗೀರಬೇಕಿದ್ದ ವಿವರಗಳನ್ನು ಈಗ ಕುಂಚದಿಂದ ಬರೆಯಬಹುದಿತ್ತು.

ಇಟಲಿಯ ವಿಷಯ. ಅಲ್ಲಿನ ಎಟ್ರಸ್ಕನ್ನರು ಈ ಮಡಕೆಗಳ ಅತಿ ದೊಡ್ಡ ಗಿರಾಕಿಗಳು. ಸತ್ತವರ ಜೊತೆ ಕೋಣೆಯಂತಹ ಗೋರಿಗಳಲ್ಲಿ ಇಡುತ್ತಿದ್ದರಿಂದ ಅವು ಒಡೆಯದೆ ಉಳಿದವು. ಗಿರಾಕಿಯ ರುಚಿ ಕುಂಬಾರನನ್ನೂ ತಿದ್ದಿತು. ನಿಕೋಸ್ಥೆನೀಸ್ ಎಂಬ ಅಥೆನ್ಸಿನ ಕುಂಬಾರ ಎಟ್ರಸ್ಕನ್ನರ ಕಪ್ಪು ಪಾತ್ರೆಗಳ ಆಕಾರವನ್ನೇ, ಅಗಲವಾದ ಚಪ್ಪಟೆ ಹಿಡಿಕೆಗಳ ಸಮೇತ ಅನುಕರಿಸಿ ಅವರಿಗೇ ಮಾರಿದ. ಅವು ಹೆಚ್ಚಾಗಿ ಸಿಕ್ಕಿರುವುದು ಚೆರ್ವೆತೆರಿಯ ಗೋರಿಗಳಲ್ಲಿ. ಅಥೆನ್ಸಿನ ಕುಂಬಾರಗೇರಿಯಲ್ಲಿ ದುಡಿದವರ ಸಹಿಗಳನ್ನೂ ನೋಡಿ: ಒಬ್ಬ ‘ಲಿಡೋಸ್’, ಅಂದರೆ ಲಿಡಿಯದವನು, ಇನ್ನೊಬ್ಬ ‘ಅಮಾಸಿಸ್’, ಈಜಿಪ್ಟಿನ ಫೇರೋ ಒಬ್ಬನ ಹೆಸರು. ನಾವು ಅಚ್ಚ ಗ್ರೀಕ್ ಎಂದು ಮೆಚ್ಚುವ ಮಡಕೆಯ ಹಿಂದೆ ಪರದೇಶದ ಹೆಸರುಗಳೂ ಇವೆ.

ಗೋರಿಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಯೂಫ್ರೋನಿಯೋಸ್ ಚಿತ್ರಿಸಿದ ಪ್ರಸಿದ್ಧ ಪಾತ್ರೆಯೊಂದನ್ನು ಕಳ್ಳ ಅಗೆತಗಾರರು ಇಟಲಿಯ ಗೋರಿಯಿಂದ ಕದ್ದರು. 1972ರಲ್ಲಿ ಅದು ಸುಮಾರು 10 ಲಕ್ಷ ಡಾಲರ್‌ಗೆ ಮೆಟ್ರೊಪಾಲಿಟನ್ ಮ್ಯೂಸಿಯಂ ಸೇರಿ, 2008ರಲ್ಲಿ ಇಟಲಿಗೆ ಮರಳಿತು. ಪಾತ್ರೆ ಸಿಕ್ಕಿತು ನಿಜ. ಅದರ ಪಕ್ಕದಲ್ಲಿ ಏನಿತ್ತು, ಯಾರ ಗೋರಿ ಅದು ಎಂಬ ಮಾಹಿತಿ ಮಾತ್ರ ಕಳ್ಳನ ಗುದ್ದಲಿಗೆ ಬಲಿಯಾಯಿತು. ದಯವಿಟ್ಟು ಮಕ್ಕಳಿಗೆ ಇದನ್ನೂ ಕಲಿಸಿ.

ಪ್ರಶ್ನೆ: ಗ್ರೀಕ್ ಮೂರ್ತಿಗಳಿಗೆ ಬಣ್ಣ ಬಳಿಯುತ್ತಿದ್ದರಂತೆ, ನಿಜವೇ? (ಉಡುಪಿ)

ನಿಜ. ತುಟಿ, ಕಣ್ಣು, ಕೂದಲು, ಉಡುಪಿನ ಅಂಚು, ಎಲ್ಲಕ್ಕೂ ಗಾಢ ಬಣ್ಣವಿತ್ತು. ಈಜಿಪ್ಟಿನವರು ತಯಾರಿಸಿದ ಕೃತಕ ನೀಲಿಯನ್ನು ಗ್ರೀಕರೂ ಬಳಸಿದರು; ಅದರ ಕಣಗಳು ವಿಶೇಷ ಕ್ಯಾಮೆರಾದಲ್ಲಿ ಹೊಳೆಯುವುದರಿಂದ ಬರಿಗಣ್ಣಿಗೆ ಕಾಣದಿದ್ದರೂ ಪತ್ತೆಯಾಗುತ್ತವೆ. ಬಿಳುಪೇ ಶುದ್ಧ ಎಂಬ ನಂಬಿಕೆಯಿಂದ ಹಾನಿಯೂ ಆಗಿದೆ: 1937-38ರಲ್ಲಿ ಬ್ರಿಟಿಷ್ ಮ್ಯೂಸಿಯಂನಲ್ಲಿ ಅಥೆನ್ಸಿನ ಪಾರ್ಥೆನಾನ್ ದೇವಾಲಯದ ಶಿಲ್ಪಗಳನ್ನು ಬೆಳ್ಳಗೆ ಮಾಡಲು ಹೋಗಿ ಮೇಲ್ಮೈಯನ್ನೇ ಕೆರೆದರು. ಬಣ್ಣ ಉಳಿದಿರುವುದನ್ನು ನೋಡಲು ಇಸ್ತಾಂಬುಲ್‌ನಲ್ಲಿರುವ ‘ಅಲೆಕ್ಸಾಂಡರ್ ಶವಪೆಟ್ಟಿಗೆ’ಯ ಚಿತ್ರಗಳನ್ನು ಹುಡುಕಿ. 1887ರಲ್ಲಿ ಸಿಡೋನ್‌ನಲ್ಲಿ ಸಿಕ್ಕ ಅದು ಅಲೆಕ್ಸಾಂಡರನದಲ್ಲ, ಫಿನಿಷಿಯದ ರಾಜನೊಬ್ಬನದು, ಶೈಲಿ ಗ್ರೀಕರದು.

ಪ್ರಶ್ನೆ: ಪರ್ಷಿಯನ್ನರು ಗ್ರೀಕರ ಶತ್ರುಗಳು. ಕಲೆಯಲ್ಲೂ ಹಾಗೆಯೇ? ನಮ್ಮ ಗಾಂಧಾರದ ಬುದ್ಧನವರೆಗೆ ಗ್ರೀಕ್ ಪ್ರಭಾವ ಬಂದದ್ದು ನಿಜವೇ? (ಕಲಬುರಗಿ)

ಸೂಸಾದಲ್ಲಿ ಅರಮನೆ ಕಟ್ಟಿಸಿದ ಪರ್ಷಿಯದ ದೊರೆ ಡೇರಿಯಸ್, ಕಲ್ಲು ಕೆತ್ತಿದವರು ಅಯೋನಿಯದವರು ಮತ್ತು ಲಿಡಿಯದ ಸಾರ್ಡಿಸ್‌ನವರು ಎಂದು ಶಾಸನದಲ್ಲೇ ಬರೆಸಿದ್ದಾನೆ. ಕ್ರಿ.ಪೂ. 480ರಲ್ಲಿ ಅವನ ಮಗ ಕ್ಸೆರ್ಕ್ಸಿಸ್ ಅಥೆನ್ಸನ್ನು ಸುಟ್ಟ. ಅಲ್ಲಿ ಮುರಿದುಬಿದ್ದ ಮೂರ್ತಿಗಳನ್ನು ಅಥೆನ್ಸಿನವರು ಅಕ್ರೊಪೊಲಿಸ್ ಗುಡ್ಡದ ಗುಂಡಿಗಳಲ್ಲಿ ಹೂತರು. ಅದರಿಂದಲೇ ಅವು ನಮಗೆ ಉಳಿದವು. ಯುದ್ಧದ ನಂತರವೂ ಅಥೆನ್ಸಿನ ಕುಂಬಾರರು ಪ್ರಾಣಿಯ ತಲೆಯಾಕಾರದ ಪರ್ಷಿಯನ್ ಲೋಹಪಾತ್ರೆಗಳನ್ನು ಮಣ್ಣಿನಲ್ಲಿ ಅನುಕರಿಸಿದರು. ಅಥೆನ್ಸಿನ ನಾಯಕ ಪೆರಿಕ್ಲಿಸ್ ಕಟ್ಟಿಸಿದ ಸಂಗೀತ ಮಂದಿರ ಕ್ಸೆರ್ಕ್ಸಿಸ್‌ನ ಡೇರೆಯ ಮಾದರಿಯದು ಎಂದು ಗ್ರೀಕ್ ಜೀವನಚರಿತ್ರೆಕಾರ ಪ್ಲುಟಾರ್ಕ್ ಬರೆದಿದ್ದಾನೆ.

ಗಾಂಧಾರದ್ದು ಸಾಲವೇ ಹೌದು, ಆದರೆ ನೇರ ಸಾಲವಲ್ಲ. ಅಫ್ಘಾನಿಸ್ತಾನದ ಐ ಖಾನೂಮ್‌ನಲ್ಲಿ ರಂಗಮಂದಿರವಿದ್ದ ಗ್ರೀಕ್ ನಗರವೇ ಇತ್ತು. ಕಂದಹಾರ್‌ನಲ್ಲಿ ಅಶೋಕನ ಶಾಸನ ಗ್ರೀಕ್ ಭಾಷೆಯಲ್ಲಿದೆ. ಅಲ್ಲಿ ಗ್ರೀಕ್‌ನಲ್ಲಿ ಭಾಗಶಃ ಉಳಿದಿರುವ ಹನ್ನೆರಡನೆಯ ಶಾಸನದ ಪ್ರಾಕೃತ ಪಾಠ ನಿಮ್ಮದೇ ಜಿಲ್ಲೆಯ ಸನ್ನತಿಯ ಕಲ್ಲಿನ ಮೇಲೂ ಇದೆ. ಆದರೆ ಗಾಂಧಾರದ ಬುದ್ಧ ಮೂರ್ತಿಗಳು ಬೆಳೆದದ್ದು ಐ ಖಾನೂಮ್ ಹಾಳಾದ ಬಹಳ ಕಾಲದ ಮೇಲೆ, ಕುಷಾಣರ ಆಳ್ವಿಕೆಯಲ್ಲಿ. ಆಗ ರೋಮ್‌ನೊಂದಿಗಿನ ವ್ಯಾಪಾರ ಜೋರಾಗಿತ್ತು, ಉಡುಪಿನ ನಿರಿಗೆಗಳಲ್ಲಿ ರೋಮನ್ ಕಲೆಯ ಪಾಲೂ ಇದೆ. ಬುದ್ಧ ಮೂರ್ತಿಯನ್ನು ಗ್ರೀಕರು ಕೊಟ್ಟರು ಎಂದು ಫ್ರಾನ್ಸಿನ ವಿದ್ವಾಂಸ ಫೂಶೆ ವಾದಿಸಿದರೆ, ಕಲಾ ಇತಿಹಾಸಕಾರ ಆನಂದ ಕುಮಾರಸ್ವಾಮಿ ಮಥುರೆಯ ಯಕ್ಷ ಮೂರ್ತಿಗಳ ದೇಶಿ ಪರಂಪರೆಯನ್ನು ಮುಂದಿಟ್ಟರು. ನನ್ನ ಒಲವು ಕುಮಾರಸ್ವಾಮಿಯವರ ಕಡೆಗೆ: ಯೋಗಿಯ ಆಸನ, ಕೈಯ ಮುದ್ರೆ, ಅರೆಮುಚ್ಚಿದ ಕಣ್ಣು ಯಾವ ಗ್ರೀಕ್ ಕಮ್ಮಟದಿಂದಲೂ ಬಂದವಲ್ಲ. ದೇಶವಿಭಜನೆಯ ವೇಳೆ ಲಾಹೋರ್ ಸಂಗ್ರಹದಿಂದ ಪಾಲಾಗಿ ಬಂದ ಗಾಂಧಾರ ಶಿಲ್ಪಗಳು ಚಂಡೀಗಢದ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ. ಉತ್ತರದ ಕಡೆ ಹೋದಾಗ ಅದನ್ನೂ ಮಥುರೆಯ ವಸ್ತುಸಂಗ್ರಹಾಲಯವನ್ನೂ ಒಂದೇ ಪ್ರವಾಸದಲ್ಲಿ ನೋಡಿ. ಮೊದಲು ಹೆಗಲಿನ ಬಟ್ಟೆ ನೋಡಿ, ಆಮೇಲೆ ಕಣ್ಣುರೆಪ್ಪೆ.