ಜೆಸಿಬಿ ಹೊಡೆಸಿದ ಮೇಲೂ ಜಾಲಿ ಚಿಗುರಿದರೆ

ಸೇಡಂ ಹತ್ತಿರದ ನಿಮ್ಮ ಎರಡು ಎಕರೆಯಲ್ಲಿ ಹೋದ ವರ್ಷ ಜೆಸಿಬಿ ಹೊಡೆಸಿದರೂ ಬಳ್ಳಾರಿ ಜಾಲಿ ಮತ್ತೆ ಬಂದಿದೆ ಅಂದ್ರೆ, ಬಹುಶಃ ಬುಡ ಒಳಗೇ ಉಳಿದಿದೆ. ಬಕೆಟ್‌ನಿಂದ ಮೇಲೆ ಮೇಲೆ ಕೆರೆದರೆ ಹೊಲ ಅವತ್ತು ಸ್ವಚ್ಛ ಕಾಣುತ್ತದೆ, ಅಷ್ಟೇ. ಮಣ್ಣಿನ ಸ್ವಲ್ಪ ಕೆಳಗಿರುವ ಗಂಟಿನಿಂದ ನಾಲ್ಕೈದು ಚಿಗುರು ಒಡೆಯುತ್ತವೆ.

ಮೊದಲು ಹೊಲದ ಗಡಿ ನೋಡಿಕೊಳ್ಳಿ. ಗಡಿ ಕಲ್ಲು ಕಾಣದಿದ್ದರೆ ಹದ್ದುಬಸ್ತಿಗೆ, ಅಂದ್ರೆ ಸರ್ವೆಯವರಿಂದ ಅಳೆಸಿ ಗಡಿ ಗುರುತಿಸಲು, ಅರ್ಜಿ ಹಾಕಿ, ಇಲ್ಲಾಂದ್ರೆ ಪಕ್ಕದ ಹೊಲದವರ ಜೊತೆ ಸುಮ್ನೆ ಜಗಳ. ಆಮೇಲೆ ಗಿಡ ಕಡಿಸಿ, ಇದ್ದಿಲು ಸುಡುವವರು ಸಿಕ್ಕರೆ ಕಟ್ಟಿಗೆಗೆ ಅವರೇ ದುಡ್ಡು ಕೊಡಬಹುದು. ಬುಡ ಮಾತ್ರ ಎರಡಡಿ ಎತ್ತರ ಉಳಿಸಿ, ಕೀಳುವಾಗ ಮಷಿನ್‌ಗೆ ಹಿಡಿತ ಬೇಕಲ್ವಾ.

ಪೂರ್ತಿ ಗುತ್ತಿಗೆ ಕೊಟ್ಟರೆ ಮತ್ತೆ ಕೆರೆದೇ ಹೋಗುತ್ತಾರೆ, ನನಗೆ ಗಂಟೆ ಲೆಕ್ಕವೇ ವಾಸಿ. ಶುರುವಿಗೆ ಜೆಸಿಬಿಯ ಗಂಟೆ ಮೀಟರ್ ಫೋಟೋ ತೆಗೆದು, ಪಕ್ಕದಲ್ಲೇ ನಿಂತು, ಸುತ್ತ ಒಂದಡಿಗಿಂತ ಜಾಸ್ತಿ ಅಗೆಸಿ ಬುಡ ಸಮೇತ ಎತ್ತಿಸಿ. ಎಷ್ಟು ಗಂಟೆ ಹಿಡಿಯುತ್ತದೆ ಅನ್ನೋದು ಗಿಡದ ದಪ್ಪ ನೋಡದೆ ಹೇಳಲು ಆಗುವುದಿಲ್ಲ. ಶ್ರೀಗಂಧ ಕಂಡರೆ ಅರಣ್ಯ ಇಲಾಖೆಯವರನ್ನು ಕೇಳದೆ ಮುಟ್ಟಬೇಡಿ.

ಇದೆಲ್ಲ ಬೇಸಿಗೆಯಲ್ಲೇ ಆಗಲಿ, ಎರೆ (ಕಪ್ಪು) ಮಣ್ಣು ನೆನೆದರೆ ಗಾಡಿ ಹೂತುಕೊಳ್ಳುತ್ತದೆ. ಕುರಿ ಹಿಕ್ಕೆಯಲ್ಲಿ ಬಂದ ಬೀಜ ಮಳೆಗೆ ಮೊಳೆಯುತ್ತದೆ, ಗೇಣುದ್ದ ಇರುವಾಗಲೇ ಕೈಯಲ್ಲಿ ಕಿತ್ತುಹಾಕಿ.