ಹಳೆ ಕಾರು, ಮನೆ ಗ್ಯಾರೇಜು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪತ್ರಗಳೆಲ್ಲ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕುರಿತವು. ಅಂಬಾಸಿಡರ್ ಎಂದಲ್ಲೆಲ್ಲ 1489 ಸಿಸಿ ಪೆಟ್ರೋಲ್ ಎಂಜಿನ್ನಿನ ಗಾಡಿ ಎಂದು ತಿಳಿಯಿರಿ. ಇಸುಝು ಎಂಜಿನ್ನಿಗೂ ಡೀಸೆಲ್ಲಿಗೂ ಇಲ್ಲಿನ ಅಳತೆಗಳು ಹೊಂದುವುದಿಲ್ಲ.

ನಮ್ಮ ಮನೆಯ ಮಾರ್ಕ್ 3 ಅಂಬಾಸಿಡರ್ ಎಂಟು ವರ್ಷದಿಂದ ಕೊಟ್ಟಿಗೆ ಪಕ್ಕದ ಮಾಡಿನಲ್ಲಿ ನಿಂತಿದೆ. ಹೊಸ ಬ್ಯಾಟರಿ ತಂದಿದ್ದೇವೆ. ಪೆಟ್ರೋಲ್ ಹಾಕಿ ಸೆಲ್ಫ್ ಹೊಡೆಯಬಹುದೇ? (ತೀರ್ಥಹಳ್ಳಿ)

ಬೇಡ. ಇಷ್ಟು ವರ್ಷದಲ್ಲಿ ಸಿಲಿಂಡರ್ ಗೋಡೆಯ ಮೇಲಿನ ಎಣ್ಣೆಯೆಲ್ಲ ಕೆಳಗಿಳಿದಿರುತ್ತದೆ. ಮಲೆನಾಡಿನ ತೇವಕ್ಕೆ ಪಿಸ್ಟನ್ ರಿಂಗುಗಳು ತುಕ್ಕು ಹಿಡಿದು ಗೋಡೆಗೆ ಕಚ್ಚಿಕೊಂಡಿರಲೂಬಹುದು. ಸೆಲ್ಫ್ ಮೋಟಾರಿನ ಬಲಕ್ಕೆ ಒಂದು ರಿಂಗ್ ಮುರಿದರೂ ನಾಲ್ಕು ಚಮಚ ಎಣ್ಣೆಯಲ್ಲಿ ಮುಗಿಯಬೇಕಿದ್ದ ಕೆಲಸ ಎಂಜಿನ್ ಬಿಚ್ಚುವಲ್ಲಿಗೆ ಹೋಗುತ್ತದೆ.

ಮೊದಲು ಏರ್ ಕ್ಲೀನರ್ ಮತ್ತು ಸೈಲೆನ್ಸರ್ ಬಾಯಿ ನೋಡಿ. ಇಲಿಗಳಿಗೆ ಎರಡೂ ಪ್ರಿಯವಾದ ಮನೆ. ಡ್ಯಾಶ್‌ಬೋರ್ಡ್ ಅಡಿಯ ವೈರುಗಳನ್ನೂ ಒಂದೊಂದಾಗಿ ಟಾರ್ಚ್ ಹಿಡಿದು ನೋಡಿ. ಈ ಗಾಡಿಯಲ್ಲಿ ಫ್ಯೂಸ್ ಇರುವುದೇ ಎರಡು. ಫ್ಯೂಸ್ ದಾಟದೆ ಹೋಗುವ ವೈರನ್ನು ಇಲಿ ಕಡಿದಿದ್ದರೆ ಬ್ಯಾಟರಿ ಜೋಡಿಸಿದ ಕೂಡಲೇ ಹೊಗೆ ಬರುತ್ತದೆ.

ನಂತರ ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದು ತೂತಿಗೆ ಸುಮಾರು 10 ಮಿಲಿ ಎಂಜಿನ್ ಆಯಿಲ್ ಬಿಟ್ಟು ಎರಡು ದಿನ ಹಾಗೇ ಬಿಡಿ. ಮೂರನೇ ದಿನ ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಪ್ಲಗ್ ಹಾಕದೆ, ಮುಂದಿನಿಂದ ಹ್ಯಾಂಡಲ್ ಕೊಟ್ಟು ನಿಧಾನ ತಿರುಗಿಸಿ. ಹೆಬ್ಬೆರಳು ಉಳಿದ ಬೆರಳುಗಳ ಬದಿಗೇ ಇರಲಿ, ಹಿಡಿಯನ್ನು ಸುತ್ತಬೇಡಿ. ಇಗ್ನಿಷನ್ ಇದ್ದಾಗ ಎಂಜಿನ್ ಹಿಂದಕ್ಕೆ ಒದ್ದರೆ ಮುರಿಯುವುದು ಆ ಹೆಬ್ಬೆರಳೇ, ಅಭ್ಯಾಸ ಈಗಲೇ ಆಗಲಿ. ಹ್ಯಾಂಡಲ್ ಅಲುಗದಿದ್ದರೆ ಜೋರು ಹಾಕದೆ ಮತ್ತೆ ಎಣ್ಣೆ ಬಿಟ್ಟು ನಾಲ್ಕು ದಿನ ಕಾಯಿರಿ.

ಎರಡು ಮೂರು ಸುತ್ತು ಸಲೀಸಾಗಿ ತಿರುಗಿದ ಮೇಲೆ ಹಳೆ ಆಯಿಲ್ ಇಳಿಸಿ 20ಡಬ್ಲ್ಯು-50 ಮಿನರಲ್ ಆಯಿಲ್ ಹಾಕಿ. ಡಬ್ಬಿಯೊಳಗೆ ಕೂರುವ ಫಿಲ್ಟರ್ ಆದರೆ ಒಂದು ಎಚ್ಚರ: ಎಂಜಿನ್ ಬದಿಯ ತೋಡಿನಲ್ಲಿ ಹಳೆ ರಬ್ಬರ್ ರಿಂಗ್ ಗಟ್ಟಿಯಾಗಿ ಲೋಹದಂತೆಯೇ ಕಾಣುತ್ತದೆ. ಅದನ್ನು ಸೂಜಿಯಿಂದ ಕಿತ್ತು ತೆಗೆಯದೆ ಹೊಸದನ್ನು ಮೇಲೆ ಕೂರಿಸಿದರೆ ಆಯಿಲ್ ಪ್ರೆಶರ್ ಬಂದ ಕ್ಷಣ ಅರ್ಧ ಎಣ್ಣೆ ನೆಲದ ಮೇಲಿರುತ್ತದೆ. ಟ್ಯಾಂಕಿನ ಹಳೆ ಪೆಟ್ರೋಲ್ ಪೂರ್ತಿ ಇಳಿಸಿ. ವಾರ್ನಿಷ್ ವಾಸನೆ ಬಂದರೆ ಕಾರ್ಬುರೇಟರಿನ ಫ್ಲೋಟ್ ಚೇಂಬರನ್ನೂ ಬಿಚ್ಚಿ ತೊಳೆಯಬೇಕು.

ಬ್ಯಾಟರಿ ಜೋಡಿಸುವ ಮೊದಲು ಅದರ ಯಾವ ತುದಿಯನ್ನು ಗಾಡಿಯ ಮೈಗೆ ಕಟ್ಟಿದೆ ನೋಡಿ. ಬಹಳ ಹಳೆಯ ಗಾಡಿಗಳಲ್ಲಿ ಪ್ಲಸ್ ತುದಿ ಮೈಗೆ ಬಂದಿರುತ್ತದೆ. ಪ್ಲಗ್ ಇಲ್ಲದೆಯೇ ಸೆಲ್ಫ್ ಹತ್ತು ಸೆಕೆಂಡ್ ಕೊಟ್ಟು, ಅರ್ಧ ನಿಮಿಷ ಬಿಟ್ಟು, ಮತ್ತೆ ಕೊಡಿ. ಆಯಿಲ್ ದೀಪ ಆರಿದ ಮೇಲೆಯೇ ಪ್ಲಗ್ (ಗ್ಯಾಪ್ 25 ಥೌ, ಅಂದರೆ 0.64 ಮಿ.ಮೀ.) ಹಾಕಿ ಸ್ಟಾರ್ಟ್ ಮಾಡಿ.

ಸ್ಟಾರ್ಟ್ ಆದ ಮೇಲೆ ಕ್ಲಚ್ ಒತ್ತಿದರೂ ಗೇರ್ ಬೀಳದೆ ಕಿರುಚಿದರೆ ಗಾಬರಿ ಬೇಡ. ಕ್ಲಚ್ ಪ್ಲೇಟ್ ತುಕ್ಕಿನಿಂದ ಫ್ಲೈವೀಲಿಗೆ ಅಂಟಿರುತ್ತದೆ. ಎಂಜಿನ್ ಬಿಸಿ ಮಾಡಿ ಆರಿಸಿ, ಕ್ಲಚ್ ಪೆಡಲನ್ನು ಮರದ ತುಂಡು ಕೊಟ್ಟು ಒತ್ತಿಟ್ಟು ರಾತ್ರಿಯಿಡೀ ಬಿಟ್ಟರೆ ಬಹಳ ಸಲ ತಾನೇ ಬಿಡುತ್ತದೆ. ಆದರೆ ಗಾಡಿ ಅಂಗಳ ದಾಟುವ ಮೊದಲು ಕೆಳಗಿನ ಬ್ರೇಕ್ ಉತ್ತರ ಓದಿ. ಎಂಟು ವರ್ಷದ ಬ್ರೇಕ್ ಆಯಿಲನ್ನು ನಂಬಿ ಘಾಟಿ ಇಳಿಯುವಂತಿಲ್ಲ.

ಪದ್ಮಿನಿ, ಬೆಂಗಳೂರು ಟ್ರಾಫಿಕ್. ಹೀಟ್ ಆಗುತ್ತದೆಂದು ಥರ್ಮೋಸ್ಟಾಟ್ ತೆಗೆಸಿದೆ, ಹೆಚ್ಚು ಪ್ರೆಶರಿನ ರೇಡಿಯೇಟರ್ ಕ್ಯಾಪ್ ಹಾಕಿಸಿದೆ. ಈಗಲೂ ಹೀಟ್. ಕೆಲವು ಸಲ ಸಿಗ್ನಲ್‌ನಲ್ಲಿ ನಿಂತಲ್ಲೇ ಆಫ್ ಆಗಿ, ಕಾಲು ಗಂಟೆ ಬಿಟ್ಟರೆ ತಾನೇ ಸ್ಟಾರ್ಟ್ ಆಗುತ್ತದೆ. (ಬಸವನಗುಡಿ)

ಎರಡು ಬೇರೆ ಬೇರೆ ಕಾಯಿಲೆಗಳು.

ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಬಿಡದ ಕವಾಟ) ತೆಗೆಯುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಅದರಿಂದ ಆಗುವುದಿಷ್ಟೇ: ಬೆಳಗಿನ ಹೊತ್ತು ಎಂಜಿನ್ ಬೇಗ ಬಿಸಿಯಾಗದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಆಯಿಲ್‌ನಲ್ಲಿ ಕೆಸರು ಕಟ್ಟುತ್ತದೆ. ಹೀಟ್ ಆಗಲು ಕಾರಣ ಬೇರೆಲ್ಲೋ ಇದೆ. ಥರ್ಮೋಸ್ಟಾಟಿನ ಮೇಲೆಯೇ ಅನುಮಾನವಿದ್ದರೆ ಅದಕ್ಕೆ ದಾರ ಕಟ್ಟಿ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಒಲೆಯ ಮೇಲಿಡಿ. ಅದರ ಮೇಲೆ ಕೆತ್ತಿರುವ ಡಿಗ್ರಿಗೆ ತೆರೆಯಲು ಶುರುವಾದರೆ ಸರಿಯಿದೆ, ವಾಪಸ್ ಹಾಕಿ.

ಕ್ಯಾಪ್ ಬದಲಿಸಿದ್ದು ಅದಕ್ಕಿಂತ ಅಪಾಯ. ಒಂದು ಪಿಎಸ್‌ಐ ಒತ್ತಡ ಏರಿದರೆ ನೀರು ಕುದಿಯುವ ಬಿಂದು ಸುಮಾರು ಒಂದೂವರೆ ಡಿಗ್ರಿ ಏರುವುದು ನಿಜ. ಬೆಂಗಳೂರು 900 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ನೀರು 97 ಡಿಗ್ರಿಗೇ ಕುದಿಯುತ್ತದೆ ಎಂಬುದೂ ನಿಜ. ಆದರೆ ಈ ಕಾಲದ ರೇಡಿಯೇಟರಿನ ಬೆಸುಗೆ ಇಂದಿನ ಕಾರಿನ 13-15 ಪಿಎಸ್‌ಐಗೆ ಮಾಡಿದ್ದಲ್ಲ. ಹಳೆ ಕ್ಯಾಪಿನ ಮೇಲಿದ್ದ ಅಂಕಿಯದನ್ನೇ ಹಾಕಿ.

ನಿಜವಾದ ಕಾರಣ ಹುಡುಕುವುದು ಹೀಗೆ. ವರ್ಷಗಟ್ಟಲೆ ಬೋರ್‌ವೆಲ್ ನೀರು ಹಾಕಿದ್ದರೆ ಎಂಜಿನ್ನಿನ ಒಳಗೆ, ನೀರು ಕಾಯಿಸುವ ಹಂಡೆಯಲ್ಲಿ ಕಟ್ಟುವಂಥದ್ದೇ ಗಸಿ ಕಟ್ಟಿರುತ್ತದೆ. ಗಾಡಿ ಬಿಸಿಯಾಗಿಸಿ ಆರಿಸಿ, ಫ್ಯಾನ್ ನಿಂತ ಮೇಲೆ ರೇಡಿಯೇಟರಿನ ಮುಂಭಾಗದ ಮೇಲೆ ಅಂಗೈ ಆಡಿಸಿ. ನಡುವೆ ತಣ್ಣಗಿನ ಪಟ್ಟೆ ಸಿಕ್ಕರೆ ಅಲ್ಲಿನ ಕೊಳವೆಗಳು ಕಟ್ಟಿವೆ. ರೇಡಿಯೇಟರನ್ನು ತಲೆಕೆಳಗು ಮಾಡಿ ಕೆಳಗಿನ ಬಾಯಿಂದ ನೀರು ಹಾಯಿಸಿ. ಎಂಜಿನ್ ಬ್ಲಾಕಿನ ಡ್ರೇನ್ ತೆರೆದೂ ನೀರು ಬಾರದಿದ್ದರೆ ತಂತಿಯಿಂದ ಚುಚ್ಚಿ. ಆಮೇಲೆ ಡಿಸ್ಟಿಲ್ಡ್ ವಾಟರಿಗೆ ಮೂರನೇ ಒಂದು ಭಾಗ ಕೂಲೆಂಟ್ ಸೇರಿಸಿ ತುಂಬಿ. ಫ್ಯಾನ್ ಬೆಲ್ಟ್ ನಡುವೆ ಒತ್ತಿದರೆ ಅರ್ಧ ಇಂಚು ಇಳಿಯಬೇಕು, ಅದಕ್ಕಿಂತ ಹೆಚ್ಚಲ್ಲ. ಇಷ್ಟಾದರೂ ಹೀಟ್ ಎಂದರೆ ಇಗ್ನಿಷನ್ ಟೈಮಿಂಗ್ ನೋಡಿಸಿ. ಟೈಮಿಂಗ್ ಹಿಂದೆ ಬಿದ್ದರೂ ಎಂಜಿನ್ ಕಾಯುತ್ತದೆ.

ಇನ್ನು ಆಫ್ ಆಗುವುದು. ನಿಂತ ತಕ್ಷಣ, ತಣಿಯುವ ಮೊದಲೇ ಒಂದು ಪ್ಲಗ್ ವೈರ್ ಕಿತ್ತು, ಬಿಡಿ ಪ್ಲಗ್ಗಿಗೆ ಸಿಕ್ಕಿಸಿ, ಅದನ್ನು ಬ್ಲಾಕಿಗೆ ತಾಗಿಸಿಟ್ಟು ಸೆಲ್ಫ್ ಕೊಡಿಸಿ. ಪೆಟ್ರೋಲ್ ಪೈಪಿನಿಂದ ದೂರದಲ್ಲಿ. ಕಿಡಿ ಇಲ್ಲವೆಂದರೆ ಬಿಸಿಗೆ ಕೈಕೊಡುವ ಕಾಯಿಲ್ ಅಥವಾ ಕಂಡೆನ್ಸರ್. ಕಿಡಿ ನೀಲಿಯಾಗಿ ಹಾರುತ್ತಿದ್ದರೆ ಪೆಟ್ರೋಲ್ ಪಂಪಿನಲ್ಲಿ, ಪೈಪಿನಲ್ಲಿ ಆವಿಯಾಗಿದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವ ಡ್ರೈವರುಗಳ ಉಪಾಯ ಆ ಹೊತ್ತಿಗೆ ಸರಿಯೇ. ಶಾಶ್ವತ ಪರಿಹಾರಕ್ಕೆ ಪೈಪನ್ನು ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಿಂದ ದೂರ ಸರಿಸಿ, ನಡುವೆ ತಗಡಿನ ಮರೆ ಕೊಡಿ. ಪಂಪಿನ ಬುಡದ ದಪ್ಪ ಸ್ಪೇಸರನ್ನು ಯಾರಾದರೂ ತೆಗೆದು ಬರೀ ಪೇಪರ್ ಗ್ಯಾಸ್ಕೆಟ್ ಹಾಕಿದ್ದಾರೆಯೇ ನೋಡಿ. ಅದು ಶಾಖ ತಡೆಯುವುದಷ್ಟೇ ಅಲ್ಲ, ಪಂಪಿನ ಲಿವರ್ ಎಷ್ಟು ಆಡಬೇಕೆಂಬುದನ್ನೂ ನಿರ್ಧರಿಸುತ್ತದೆ. ದಪ್ಪ ಬದಲಾದರೆ ಪಂಪ್ ಸಾಕಷ್ಟು ಎಳೆಯುವುದಿಲ್ಲ, ಇಲ್ಲವೇ ಲಿವರ್ ಮುರಿಯುತ್ತದೆ.

ಬಂಕಿನಲ್ಲಿ ಈಗ ಸಿಗುವ ಇ20 ಪೆಟ್ರೋಲ್ ಹಳೆ ಕಾರಿಗೆ ಹಾಕಬಹುದೇ? (ಮೈಸೂರು)

ಬೇರೆ ಸಿಗದಿರುವಾಗ ಹಾಕಲೇಬೇಕು. ಗಾಡಿಯನ್ನು ಅದಕ್ಕೆ ಒಗ್ಗಿಸಿಕೊಳ್ಳಬಹುದು.

ಮೊದಲು ಹೋಗುವುದು ರಬ್ಬರ್. ಹಳೆ ಹೋಸು, ಪಂಪಿನ ಡಯಾಫ್ರಮ್ಮು ಇ20ರಲ್ಲಿ ಶೇ. 20ರಷ್ಟು ಬೆರೆಸಿರುವ ಎಥನಾಲಿಗೆ ಉಬ್ಬಿ, ಆಮೇಲೆ ಒಣಗಿ ಬಿರುಕು ಬಿಡುತ್ತವೆ. ಎಲ್ಲ ಹೋಸ್ ಬದಲಿಸಿ, ಅಂಗಡಿಯಲ್ಲಿ ಒಳಪದರ ವೈಟಾನ್ ಇರುವುದನ್ನೇ ಕೇಳಿ. ಎರಡನೆಯದು, ಎಥನಾಲ್ ಟ್ಯಾಂಕಿನ ತಳದ ಹಳೆ ಕೊಳೆಯನ್ನೆಲ್ಲ ಎಬ್ಬಿಸುತ್ತದೆ. ಮೊದಲ 500 ಕಿ.ಮೀ.ಗೆ ಒಂದು ಫಿಲ್ಟರ್ ಬಲಿ ಎಂದು ಲೆಕ್ಕ ಹಾಕಿ. ಮೂರನೆಯದು ನೀರು. ಎಥನಾಲ್ ಗಾಳಿಯ ತೇವ ಹೀರಿ, ಹೆಚ್ಚಾದಾಗ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಕೂರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಅರ್ಧ ಟ್ಯಾಂಕ್ ಬಿಡಬೇಡಿ. ಪೂರ್ತಿ ತುಂಬಿ, ಇಲ್ಲವೇ ಪೂರ್ತಿ ಇಳಿಸಿ.

ಗಾಳಿ-ಪೆಟ್ರೋಲ್ ಮಿಕ್ಸ್‌ಚರ್ ಕೂಡ ತೆಳುವಾಗುತ್ತದೆ. ಬರೀ ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ ಇ20ಗೆ ಸುಮಾರು 13.5 ಸಾಕು. ಸೋಲೆಕ್ಸ್ ಕಾರ್ಬುರೇಟರ್ ಆದರೆ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ. ಜೆಟ್ಟಿನ ನಂಬರು ಮಿಲಿಮೀಟರಿನ ನೂರನೇ ಭಾಗದ ಲೆಕ್ಕ. 115ರ ಬದಲು 120 ಹಾಕಿದರೆ ತೂತಿನ ವಿಸ್ತೀರ್ಣ ಶೇ. 9ರಷ್ಟು ಹೆಚ್ಚುತ್ತದೆ, ಅಷ್ಟೇ ಬೇಕಾದದ್ದು. ಅಂಬಾಸಿಡರಿನ ಎಸ್‌ಯು ಕಾರ್ಬುರೇಟರಿನಲ್ಲಿ ಜೆಟ್ ಕೆಳಗಿನ ಆರುಮೂಲೆ ನಟ್ಟನ್ನು ಒಂದೊಂದು ಮೂಲೆಯಷ್ಟೇ ಕೆಳಗಿಳಿಸುತ್ತ ಹೋಗಿ. ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿರುವಾಗ ಕಾರ್ಬುರೇಟರಿನ ಪಿಸ್ಟನನ್ನು ಒಂದು ಮಿ.ಮೀ.ಗಿಂತ ಕಡಿಮೆ ಎತ್ತಿ ನೋಡಿ: ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಹೆಚ್ಚು, ಕೂಡಲೇ ಕುಸಿದರೆ ಕಡಿಮೆ, ಕೊಂಚ ಏರಿ ಮೊದಲಿನಂತಾದರೆ ಸರಿ. ಅದಕ್ಕೂ ಮುಂಚೆ ಮೇಲಿನ ಕಪ್ಪು ಮುಚ್ಚಳ ತೆಗೆದು ಡ್ಯಾಶ್‌ಪಾಟಿನಲ್ಲಿ ಎಣ್ಣೆ ಇದೆಯೇ ನೋಡಿ. ಆಕ್ಸಿಲರೇಟರ್ ಒತ್ತಿದಾಗ ಗಾಡಿ ಮುಗ್ಗರಿಸುತ್ತದೆಂದು ಕಾರ್ಬುರೇಟರನ್ನೇ ಬದಲಿಸುವವರಿದ್ದಾರೆ. ಬೇಕಾಗಿದ್ದದ್ದು ಒಂದು ಚಮಚ ಎಣ್ಣೆ.

ಟ್ಯಾಪೆಟ್ ಮನೆಯಲ್ಲೇ ಸೆಟ್ ಮಾಡಬಹುದೇ? (ಹುಬ್ಬಳ್ಳಿ)

ಅಂಬಾಸಿಡರಿನಲ್ಲಿ ಧಾರಾಳವಾಗಿ. ಎಂಟೂ ವಾಲ್ವಿಗೆ, ಅದಕ್ಕೂ ಅದನ್ನು ಒತ್ತುವ ರಾಕರಿಗೂ ನಡುವೆ 15 ಥೌ (0.38 ಮಿ.ಮೀ.) ಅಂತರ, ಎಂಜಿನ್ ಬಿಸಿಯಿರುವಾಗ. ಪ್ಲಗ್ ಬಿಚ್ಚಿದರೆ ಕೈಯಲ್ಲೇ ತಿರುಗಿಸಬಹುದು. ರೇಡಿಯೇಟರ್ ಬದಿಯಿಂದ ವಾಲ್ವುಗಳಿಗೆ 1ರಿಂದ 8 ನಂಬರ್ ಕೊಡಿ. ಯಾವುದು ಪೂರ್ತಿ ಕೆಳಗೆ ಒತ್ತಿದೆಯೋ ಅದರ ನಂಬರನ್ನು 9ರಿಂದ ಕಳೆದರೆ ಬರುವ ವಾಲ್ವನ್ನು ಸೆಟ್ ಮಾಡಿ: 8 ಒತ್ತಿದಾಗ 1, 6 ಒತ್ತಿದಾಗ 3, ಹೀಗೆ.

ಅಳತೆ ಸರಿಯಿದ್ದೂ ಟಕಟಕ ನಿಲ್ಲದಿದ್ದರೆ ರಾಕರಿನ ತುದಿಯಲ್ಲಿ ಸವೆದ ಗುಳಿ ಬಿದ್ದಿರುತ್ತದೆ. ಅಂತರ ಅಳೆಯುವ ಫೀಲರ್ ಗೇಜ್ ಗುಳಿಯ ಅಂಚುಗಳ ಮೇಲೆ ಸೇತುವೆಯಂತೆ ಕೂತು ಸುಳ್ಳು ಹೇಳುತ್ತದೆ. ಆಗ ರಾಕರ್ ಶಾಫ್ಟ್ ಬಿಚ್ಚುವ ಆಸೆ ಬರುತ್ತದೆ, ಅಲ್ಲಿ ನಿಲ್ಲಿ: ಅದನ್ನು ಹಿಡಿದಿರುವ ನಟ್ಟುಗಳಲ್ಲಿ ನಾಲ್ಕು ಸಿಲಿಂಡರ್ ಹೆಡ್ಡನ್ನೂ ಹಿಡಿದಿವೆ. ನೀರು ಇಳಿಸದೆ, ಉಳಿದ ಹೆಡ್ ನಟ್ಟುಗಳನ್ನೂ ಕ್ರಮವಾಗಿ ಸಡಿಲಿಸದೆ ಅವನ್ನು ಮಾತ್ರ ಬಿಚ್ಚಿದರೆ ಹೆಡ್ ಒಂದು ಕಡೆಗೆ ಎಳೆದು, ಗ್ಯಾಸ್ಕೆಟ್ ದಾಟಿ ನೀರು ಇಳಿಯಬಹುದು. ಮುಚ್ಚಳದ ಕಾರ್ಕ್ ಗ್ಯಾಸ್ಕೆಟ್ ಸೋರುತ್ತದೆಂದು ಮೇಲಿನ ಎರಡು ನಟ್ಟು ಬಿಗಿದಷ್ಟೂ ತಗಡು ಬಾಗಿ ಸೋರಿಕೆ ಹೆಚ್ಚುತ್ತದೆ.

ಅಂಬಾಸಿಡರಿನ ನಟ್ಟುಗಳಿಗೆ ನನ್ನ ಸ್ಪ್ಯಾನರುಗಳು ಕೂರುವುದೇ ಇಲ್ಲ. (ಹಾಸನ)

ನಿಮ್ಮದು ಮಿಲಿಮೀಟರ್ ಸೆಟ್, ಗಾಡಿಯದು ಇಂಚು. ಅರ್ಧ ಇಂಚು ಎಂದರೆ 12.7 ಮಿ.ಮೀ.; 12 ಹೋಗದು, 13 ಹೋಗುತ್ತದೆ ಆದರೆ ಮೂಲೆ ಉರುಟು ಮಾಡುತ್ತದೆ. 7/16, 1/2, 9/16, 5/8 ಎಎಫ್ (ನಟ್ಟಿನ ಎದುರುಬದುರು ಮುಖಗಳ ನಡುವಿನ ಇಂಚಿನ ಅಳತೆ) ರಿಂಗ್ ಸ್ಪ್ಯಾನರುಗಳಿದ್ದರೆ ಬಹುಪಾಲು ಕೆಲಸ ಸಾಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸದು, ಶಿವಾಜಿನಗರದ ಗುಜರಿಯಲ್ಲಿ ಹಳೆಯದು ಹುಡುಕಿ. ಪದ್ಮಿನಿ ಇಟಲಿಯ ಫಿಯೆಟ್ 1100 ಸಂತಾನವಾದ್ದರಿಂದ ಅದಕ್ಕೆ ನಿಮ್ಮ ಸೆಟ್ಟೇ ಸಾಕು.

ನನ್ನ ಫಿಯೆಟ್ 1100 ಡಿ 1970ರದು. ವಿಂಟೇಜ್ ನೋಂದಣಿ ಮಾಡಿಸಲೇ? (ಧಾರವಾಡ)

2021ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದಿರುವ ಗಾಡಿಗೆ ಅರ್ಹತೆ ಇದೆ. ಹೊಸ ನೋಂದಣಿಗೆ 20,000 ರೂ., ಹತ್ತು ವರ್ಷ ಊರ್ಜಿತ, ನವೀಕರಣಕ್ಕೆ 5,000 ರೂ. ಈಗಾಗಲೇ ನೋಂದಣಿ ಇರುವ ಗಾಡಿಯ ಹಳೆ ನಂಬರ್ ಹಾಗೇ ಉಳಿಯುತ್ತದೆ. ಆದರೆ ದಿನನಿತ್ಯದ ಓಡಾಟಕ್ಕಾಗಲೀ ಬಾಡಿಗೆಗಾಗಲೀ ಬಳಸುವಂತಿಲ್ಲ. ವಾರಕ್ಕೊಮ್ಮೆ ಸಂತೆಗೆ ಒಯ್ಯುವ ಗಾಡಿಯಾದರೆ ಮಾಮೂಲಿ ಆರ್‌ಸಿ ನವೀಕರಣವೇ ವಾಸಿ.

ಬ್ರೇಕ್ ಮೂರು ಸಲ ಒತ್ತಿದರೆ ಹಿಡಿಯುತ್ತದೆ. ಮುಂದಿನ ಎಡ ಚಕ್ರ ಮಾತ್ರ ಬಿಡುವುದೇ ಇಲ್ಲ, ಮುಟ್ಟಿದರೆ ಸುಡುತ್ತದೆ. ಅಂಬಾಸಿಡರ್. (ಕುಂದಾಪುರ)

ಮೊದಲು ಪೆಡಲ್ ಓದಿ. ಒತ್ತಿದಷ್ಟೂ ಮೇಲೆ ಬಂದು ಕಲ್ಲಿನಂತೆ ನಿಂತರೆ ಶೂ ಮತ್ತು ಡ್ರಮ್ ನಡುವೆ ಅಂತರ ಹೆಚ್ಚು. ಮೇಲೆ ಬಂದೂ ಸ್ಪಂಜಿನಂತಿದ್ದರೆ ಗಾಳಿ. ಒತ್ತಿ ಹಿಡಿದಾಗ ಮೆಲ್ಲಗೆ ಕೆಳಗಿಳಿದರೆ ಮಾಸ್ಟರ್ ಸಿಲಿಂಡರಿನ ರಬ್ಬರ್ ಹೋಗಿದೆ, ಇಲ್ಲವೇ ಎಲ್ಲೋ ಸೋರಿಕೆ ಇದೆ. ಅಂತರ ಹೆಚ್ಚಾಗಿದ್ದರೆ ಚಕ್ರ ಎತ್ತಿ, ಡ್ರಮ್ಮಿನ ತೂತಿನಿಂದ ಅಡ್ಜಸ್ಟರನ್ನು ಚಕ್ರ ಲಾಕ್ ಆಗುವವರೆಗೆ ತಿರುಗಿಸಿ ಒಂದು ಹಲ್ಲು ಹಿಂದಕ್ಕೆ ಬಿಡಿ. ಮುಂದಿನ ಚಕ್ರಕ್ಕೆ ಎರಡು ಅಡ್ಜಸ್ಟರ್, ಹಿಂದಿನದಕ್ಕೆ ಒಂದು. ಮುಂದಿನ ಎರಡನೆಯದನ್ನು ಮರೆಯುವುದೇ ಸಾಮಾನ್ಯ ತಪ್ಪು.

ಬಿಡದ ಚಕ್ರಕ್ಕೆ ಒಂದು ಪರೀಕ್ಷೆ. ಚಕ್ರ ಜ್ಯಾಮ್ ಆಗಿರುವಾಗಲೇ ಅದರ ಬ್ಲೀಡ್ ನಿಪ್ಪಲ್ (ಬ್ರೇಕ್ ಪೈಪಿನ ಗಾಳಿ ಹೊರಬಿಡುವ ತಿರುಪು) ಸ್ವಲ್ಪ ತೆರೆಯಿರಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟರೆ ತಪ್ಪು ರಬ್ಬರ್ ಹೋಸಿನದು: ಒಳಗೆ ಉಬ್ಬಿ, ಕಾಲಿನ ಬಲಕ್ಕೆ ಆಯಿಲ್ ಒಳಹೋಗುತ್ತದೆ, ಸ್ಪ್ರಿಂಗಿನ ಬಲಕ್ಕೆ ವಾಪಸ್ ಬರುವುದಿಲ್ಲ. ಹೊರಗಿನಿಂದ ಹೋಸ್ ಹೊಸದರಂತೆಯೇ ಕಾಣಬಹುದು. ನಿಪ್ಪಲ್ ತೆರೆದೂ ಬಿಡದಿದ್ದರೆ ವೀಲ್ ಸಿಲಿಂಡರ್ ಕಚ್ಚಿಕೊಂಡಿದೆ. ಕರಾವಳಿಯಲ್ಲಿ ಇದೇ ಹೆಚ್ಚು, ಏಕೆಂದರೆ ಬ್ರೇಕ್ ಆಯಿಲ್ ತೇವ ಹೀರಿ ಒಳಗಿಂದಲೇ ತುಕ್ಕು ಹಿಡಿಸುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು ಒಣ ಊರಿನ ಲೆಕ್ಕ, ನಿಮಗೆ ಪ್ರತಿ ಮಳೆಗಾಲದ ನಂತರ.

ಡ್ರಮ್ ತೆಗೆದಾಗ ಒಳಗಿನ ಧೂಳನ್ನು ಊದಬೇಡಿ, ಹಳೆ ಲೈನಿಂಗ್‌ನಲ್ಲಿ ಆಸ್‌ಬೆಸ್ಟಾಸ್ ಇರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆ ಎಸೆಯಿರಿ. ಸಿಲಿಂಡರಿನ ರಬ್ಬರ್ ಕಪ್ಪುಗಳನ್ನು ಪೆಟ್ರೋಲ್, ಡೀಸೆಲ್, ಗ್ರೀಸ್ ಮುಟ್ಟಿಸಬೇಡಿ. ತೊಳೆಯುವುದಕ್ಕೂ ಸವರುವುದಕ್ಕೂ ಹೊಸ ಬ್ರೇಕ್ ಆಯಿಲ್ ಒಂದೇ. ಡಾಟ್ 3 ಅಥವಾ 4 ಹಾಕಿ. ಸಿಲಿಕೋನಿನ ಡಾಟ್ 5 ಇದರ ಜೊತೆ ಬೆರೆಯದು. ಬ್ಲೀಡಿಂಗ್ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಹಿಂದಿನ ಎಡದಿಂದ ಶುರುವಾಗಿ ಮುಂದಿನ ಬಲಕ್ಕೆ ಮುಗಿಯಲಿ. ಒಂದು ಕಡೆಯ ಹೋಸ್ ಹೋಗಿದ್ದರೂ ಎರಡೂ ಕಡೆಯದನ್ನು ಒಟ್ಟಿಗೆ ಬದಲಿಸಿ. ಇನ್ನೊಂದೂ ಅದೇ ವಯಸ್ಸಿನದು, ಅದು ಹೋದ ದಿನ ಗಾಡಿ ಬ್ರೇಕಿಗೆ ಬಲಕ್ಕೆಳೆಯುತ್ತದೆ, ಎದುರಿನಿಂದ ಬರುವ ಬಸ್ಸಿನ ಕಡೆಗೆ.